"ಇಸಾಕ ಮನೆಗೆ ಹೋಗಿ ಅಮ್ಮನಿಗೆ ಏನಂದ?" – ಸೇವೆಗೆ ಹೋಗುವ ವಿದ್ಯಾರ್ಥಿಗಳಿಗೆ ಪಾಠ ಮಾಡೋದನ್ನು ಹೇಗೆ ಕಲಿಸುತ್ತೀರಿ?

ಪಾಠದ ಮೇಷ್ಟ್ರು

ಎಲ್ಲರಿಗೂ ವಂದನೆ. ನಾನು ಒಂದು ಬೈಬಲ್ ಕಾಲೇಜಿನಲ್ಲಿ ಕ್ರೈಸ್ತ ಶಿಕ್ಷಣ ಅನ್ನೋ ವಿಷಯ ಹೇಳಿಕೊಡುತ್ತೇನೆ. ವಿದ್ಯಾರ್ಥಿಗಳ ಫೀಲ್ಡ್ ವರ್ಕ್ ನೋಡಿಕೊಳ್ಳುವುದೂ ನಾನೇ. ಹನ್ನೊಂದು ವರ್ಷವಾಯಿತು. ಹೋದ ಭಾನುವಾರ ನಡೆದದ್ದು ಇನ್ನೂ ತಲೆಯಲ್ಲೇ ಕೂತಿದೆ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಮೂರನೇ ವರ್ಷದ ಹುಡುಗ ಒಬ್ಬನಿದ್ದಾನೆ. ಹಳೇ ಒಡಂಬಡಿಕೆಯಲ್ಲಿ ತರಗತಿಗೇ ಮೊದಲು. ಹೀಬ್ರೂ ತಡವರಿಸದೆ ಓದುತ್ತಾನೆ. ಪ್ರಸಂಗ ಮಾಡಿದರೆ ಹಿರಿಯರು ತಲೆದೂಗುತ್ತಾರೆ. ಅವನನ್ನು ಸಂಡೇ ಸ್ಕೂಲಿನಲ್ಲಿ ಎಂಟು-ಒಂಬತ್ತು ವರ್ಷದ ಮಕ್ಕಳ ಕ್ಲಾಸಿಗೆ ಹಾಕಿದ್ದೆ. ವಾರ ವಾರ ವರದಿ ಬರುತ್ತಿತ್ತು. "ಪಾಠ ಮಾಡಲಾಯಿತು. ಮಕ್ಕಳು ಆಸಕ್ತಿಯಿಂದ ಕೇಳಿದರು. ದೇವರಿಗೆ ಸ್ತೋತ್ರ." ನಾನು ಸಹಿ ಹಾಕಿ ಫೈಲಿಗೆ ಸೇರಿಸುತ್ತಿದ್ದೆ.

ಈ ಸಲ ಹೇಳದೆ ಹೋಗಿ ಹಿಂದೆ ಕೂತೆ. ಬೈಬಲಿನ ಆದಿಕಾಂಡ 22, ದೇವರು ಹೇಳಿದಂತೆ ಅಬ್ರಹಾಮ ಮಗ ಇಸಾಕನನ್ನು ಬಲಿ ಕೊಡಲು ಬೆಟ್ಟಕ್ಕೆ ಕರೆದುಕೊಂಡು ಹೋಗುವ, ಕೊನೇ ಗಳಿಗೆಯಲ್ಲಿ ದೇವರೇ ತಡೆಯುವ ಕಥೆ. ಇಪ್ಪತ್ತು ನಿಮಿಷ ಒಂದೇ ಸಮ ಮಾತಾಡಿದ. "ವಿಧೇಯತೆ" ಅನ್ನೋ ಪದವೇ ಹದಿನಾಲ್ಕು ಸಲ ಬಂತು, ಸುಮ್ನೆ ಎಣಿಸಿದೆ. ಮುಗಿಸುವ ಹೊತ್ತಿಗೆ ಒಬ್ಬಳು ಹುಡುಗಿ ಎದ್ದು ನಿಂತು ಕೇಳಿದಳು: "ಅಣ್ಣಾ, ಇಸಾಕ ಮನೆಗೆ ಹೋಗಿ ಅಮ್ಮನಿಗೆ ಏನಂದ?"

ಅವನು ಒಂದು ಕ್ಷಣ ನೋಡಿದ. "ಅದು ಇವತ್ತಿನ ಪಾಠದಲ್ಲಿಲ್ಲಮ್ಮ. ಕೂತ್ಕೋ. ಈಗ ಬಾಯಿಪಾಠದ ವಾಕ್ಯ ಹೇಳೋಣ" ಅಂದ. ಅವಳು ಕೂತಳು. ಆಮೇಲೆ ಕ್ಲಾಸ್ ಮುಗಿಯುವವರೆಗೂ ತನ್ನ ಜಡೆಯ ರಿಬ್ಬನ್ ಬಿಚ್ಚಿ ಕಟ್ಟುತ್ತಾ ಇದ್ದಳು.

ಮಂಗಳವಾರ ವರದಿ ಬಂತು. "ಮಕ್ಕಳು ಆಸಕ್ತಿಯಿಂದ ಕೇಳಿದರು."

ಅವನ ಮೇಲೆ ನನಗೆ ಕೋಪವಿಲ್ಲ. ಹನ್ನೊಂದು ವರ್ಷದಲ್ಲಿ ಎಷ್ಟು ವಿದ್ಯಾರ್ಥಿಗಳ ಪಾಠವನ್ನು ಮೊದಲಿಂದ ಕೊನೆವರೆಗೆ ಕೂತು ನೋಡಿದ್ದೇನೆ ಅಂತ ಲೆಕ್ಕ ಹಾಕಿದೆ. ಎರಡು ಕೈಯ ಬೆರಳು ಸಾಕು. ಬೇರೆ ಕಡೆ ಇದನ್ನು ಹೇಗೆ ಮಾಡುತ್ತೀರಿ?

ಕ್ರೇಯಾನ್ ಟೀಚರ್

ಮೇಷ್ಟ್ರೇ, ನಾನು ಯಾವ ಡಿಗ್ರಿಯನ್ನೂ ಓದಿದವಳಲ್ಲ. ಸಂಡೇ ಸ್ಕೂಲಿನಲ್ಲಿ ಮೂವತ್ತು ವರ್ಷ ದಾಟಿದೆ. ನನಗೆ ಕಲಿಸಿದ ಹಿರಿಯ ಟೀಚರ್ ಮೊದಲ ವರ್ಷ ಪಾಠ ಮಾಡಲು ಬಿಡಲೇ ಇಲ್ಲ. ಕ್ರೇಯಾನ್ ಹಂಚು, ಅಳುವ ಮಗುವನ್ನು ಪಕ್ಕದಲ್ಲಿ ಕೂರಿಸಿಕೋ, ಅಷ್ಟೇ ಕೆಲಸ. ಎರಡನೇ ವರ್ಷ ಕಥೆ ಮಾತ್ರ. ಪೂರ್ತಿ ಕ್ಲಾಸು ಕೈಗೆ ಬಂದಿದ್ದು ಮೂರನೇ ವರ್ಷ.

ಕ್ಲಾಸಾದ ಮೇಲೆ ಇಬ್ಬರೂ ಕುರ್ಚಿ ಜೋಡಿಸುತ್ತಿದ್ದೆವು. ಆಗ ಅವರು ದಿನಾ ಒಂದೇ ಪ್ರಶ್ನೆ ಕೇಳುತ್ತಿದ್ದರು: "ಇವತ್ತು ಯಾವ ಮಗು ಮಾತಾಡಲಿಲ್ಲ?" ಮೊದಮೊದಲು ನನಗೆ ಉತ್ತರ ಗೊತ್ತಿರುತ್ತಿರಲಿಲ್ಲ. ಆಮೇಲಾಮೇಲೆ ಕ್ಲಾಸ್ ನಡೆಯುವಾಗಲೇ ಕಣ್ಣು ತಾನಾಗಿ ಆ ಮಗುವನ್ನು ಹುಡುಕುತ್ತಿತ್ತು, ಕುರ್ಚಿ ಜೋಡಿಸುವಾಗ ಕೇಳುತ್ತಾರಲ್ಲ ಅಂತ!

ಅಪೊಸ್ತಲರ ಕೃತ್ಯಗಳು 18ರಲ್ಲಿ ಅಪೊಲ್ಲೋಸ ಬರುತ್ತಾನಲ್ಲ, ದೊಡ್ಡ ವಾಗ್ಮಿ. ಅವನಿಗೆ ಗೊತ್ತಿದ್ದದ್ದು ಅರ್ಧ. ಪ್ರಿಸ್ಕಿಲ್ಲ, ಅಕ್ವಿಲ ಅವನ ಮಾತನ್ನು ಮೊದಲು ಕೂತು ಕೇಳಿದರು, ಆಮೇಲೆ ತಮ್ಮ ಹತ್ತಿರ ಕರೆದುಕೊಂಡು ಹೋಗಿ ತಿಳಿಸಿಕೊಟ್ಟರು. ಸಭಾಮಂದಿರದಲ್ಲಿ ಎಲ್ಲರ ಮುಂದೆ ತಿದ್ದಲಿಲ್ಲ. ಆ ಗಂಡ ಹೆಂಡತಿ ಗುಡಾರ ಹೊಲಿಯುವವರು ಅನ್ನೋದು ನನಗೆ ಯಾವಾಗಲೂ ಖುಷಿ ಕೊಡುವ ವಿಷಯ.

ಸಣ್ಣ ಸಭೆಯ ಪಾಸ್ಟರ್

ನಾನು ಸ್ವಲ್ಪ ಎದುರು ಮಾತಾಡುತ್ತೇನೆ, ಬೇಜಾರಾಗಬೇಡಿ.

ಆ ಹುಡುಗನಿಗೆ ಹೀಬ್ರೂ ಬರುತ್ತದೆ. ಅದನ್ನು ತಪ್ಪು ಅನ್ನೋ ಥರ ಓದಿಸಿಕೊಳ್ಳುತ್ತಿದೆ ಈ ಚರ್ಚೆ. ನನ್ನ ಸಭೆಗೆ, ಅಂದರೆ ಚರ್ಚಿಗೆ, ಫೀಲ್ಡ್ ವರ್ಕಿಗೆ ಬರುವ ಜಾಸ್ತಿ ಹುಡುಗರ ತೊಂದರೆ ಇದರ ಉಲ್ಟಾ. ಗೊಂಬೆ ತರುತ್ತಾರೆ, ಆಟ ಆಡಿಸುತ್ತಾರೆ, ಆ್ಯಕ್ಷನ್ ಸಾಂಗ್ ಹೇಳಿಸುತ್ತಾರೆ. ಬೈಬಲ್ ಮಾತ್ರ ತೆರೆಯುವುದಿಲ್ಲ. ಯೆರಿಕೋ ಪಟ್ಟಣದ ಗೋಡೆ ಬಿದ್ದ ಬೈಬಲ್ ಕಥೆಗೆ ಒಬ್ಬ ಬಲೂನ್ ಒಡೆದು ಗೋಡೆ ಬೀಳಿಸಿದ. ಮಕ್ಕಳಿಗೆ ಬಲೂನ್ ಮಾತ್ರ ನೆನಪಿತ್ತು.

ಈ ಗೋಳು ಹೊಸದೂ ಅಲ್ಲ. ಜರ್ಮನಿಯ ಸುಧಾರಕ ಮಾರ್ಟಿನ್ ಲೂಥರ್ 1529ರಲ್ಲಿ ಚಿಕ್ಕ ಕ್ಯಾಟೆಕಿಸಂ, ಅಂದರೆ ನಂಬಿಕೆಯ ಪ್ರಶ್ನೋತ್ತರದ ಪುಟ್ಟ ಪುಸ್ತಕ, ಬರೆದದ್ದು ಯಾಕೆ? ಸಭೆಗಳನ್ನು ನೋಡಲು ಊರೂರು ತಿರುಗಿದಾಗ ಜನರಿಗೆ ಏನೂ ಗೊತ್ತಿಲ್ಲ, ಪಾಸ್ಟರುಗಳಿಗೆ ಕಲಿಸಲೇ ಬರುವುದಿಲ್ಲ ಅಂತ ಕಂಡಿತು. ಮುನ್ನುಡಿಯಲ್ಲೇ ಆ ಸಿಟ್ಟು ಬರೆದಿದ್ದಾನೆ. ಅವನು ಕೊಟ್ಟ ಔಷಧಿ ಆಟವಲ್ಲ. ಹತ್ತು ಆಜ್ಞೆ, ವಿಶ್ವಾಸ ಪ್ರಮಾಣ, ಕರ್ತನ ಪ್ರಾರ್ಥನೆ. ಒಂದೊಂದಕ್ಕೂ "ಇದರ ಅರ್ಥವೇನು?" ಅನ್ನೋ ಪ್ರಶ್ನೆ, ಚಿಕ್ಕ ಉತ್ತರ.

ಆ ಹುಡುಗಿಯ ಪ್ರಶ್ನೆಗೆ ಉತ್ತರ ಹೇಳಲೂ ಜಾಸ್ತಿ ಓದಿರಬೇಕು. ಆದಿಕಾಂಡ 22:19 ನೋಡಿ. ಅಬ್ರಹಾಮ ಸೇವಕರ ಹತ್ತಿರ ಹಿಂದಿರುಗಿದ, ಎಲ್ಲರೂ ಬೇರ್ಷೆಬಕ್ಕೆ ಹೋದರು ಅಂತಿದೆ. ಇಸಾಕನ ಹೆಸರೇ ಆ ವಚನದಲ್ಲಿಲ್ಲ. ಮುಂದಿನ ಅಧ್ಯಾಯ ಶುರುವಾಗುವುದೇ ಇಸಾಕನ ತಾಯಿ ಸಾರಳ ಸಾವಿನಿಂದ. ಅಂದರೆ ತಾಯಿ-ಮಗ ಮಾತಾಡಿದ್ದನ್ನು ಬೈಬಲ್ ಎಲ್ಲೂ ತೋರಿಸುವುದಿಲ್ಲ. ದೊಡ್ಡ ದೊಡ್ಡ ವಿದ್ವಾಂಸರು ನಿಂತು ಯೋಚಿಸಿದ ಜಾಗದಲ್ಲೇ ಆ ಮಗು ನಿಂತಿದೆ!

ಪಾಠದ ಮೇಷ್ಟ್ರು

ಪಾಸ್ಟರ್, ನನ್ನ ಸಂಕಟ ಇರುವುದೇ ಅಲ್ಲಿ. ನೀವು ಹೇಳಿದ 22:19 ಅವನಿಗೆ ಗೊತ್ತಿತ್ತು. ಹೋದ ಸೆಮಿಸ್ಟರಿನಲ್ಲಿ ಅದೇ ಅಧ್ಯಾಯದ ಮೇಲೆ ಹತ್ತು ಪುಟದ ಪ್ರಬಂಧ ಬರೆದಿದ್ದಾನೆ. ಇಸಾಕನ ಹೆಸರು ಬಿಟ್ಟುಹೋಗಿರುವುದರ ಬಗ್ಗೆ ಒಂದು ಪ್ಯಾರಾ ಇದೆ. ನಾನೇ ಓದಿದ್ದೇನೆ. ಮಗು ಬಾಯಲ್ಲಿ ಬಂದಾಗ ಅದು ಅದೇ ಪ್ರಶ್ನೆ ಅಂತ ಅವನಿಗೆ ಗುರುತೇ ಸಿಗಲಿಲ್ಲ.

ಎರಡನೇ ವರ್ಷ

ನಾನು ವಿದ್ಯಾರ್ಥಿ. ಸ್ವಲ್ಪ ಧೈರ್ಯ ಮಾಡಿ ಬರೆಯುತ್ತಿದ್ದೇನೆ ಸರ್.

ವರದಿಯಲ್ಲಿ ಯಾಕೆ ಸುಳ್ಳು ಬರೆಯುತ್ತೇವೆ ಅಂದರೆ, ಫಾರ್ಮೇ ಹಾಗಿದೆ. ನಮ್ಮ ಕಾಲೇಜಿನ ಫಾರ್ಮಿನಲ್ಲಿ ನಾಲ್ಕು ಕಾಲಂ. ದಿನಾಂಕ, ಪಾಠದ ಹೆಸರು, ಹಾಜರಿದ್ದವರ ಸಂಖ್ಯೆ, "ಫಲಿತಾಂಶ". ಫಲಿತಾಂಶಕ್ಕೆ ಒಂದೂವರೆ ಇಂಚು ಜಾಗ. ಅಲ್ಲಿ "ಇವತ್ತು ಕ್ಲಾಸ್ ಕೈತಪ್ಪಿತು, ಇಬ್ಬರು ಹುಡುಗರು ಹೊಡೆದಾಡಿದರು, ನನಗೆ ಅಳು ಬಂತು" ಅಂತ ಬರೆದರೆ ಏನಾಗುತ್ತದೆ? ಅದು ಫೈಲಿಗೆ ಹೋಗುತ್ತದೆ. ಕೊನೇ ವರ್ಷ ಶಿಫಾರಸು ಪತ್ರ ಬರೆಯುವವರು ಅದೇ ಫೈಲ್ ತೆಗೆಯುತ್ತಾರೆ. "ಇವನಿಗೆ ಸೇವೆಗೆ ದೇವರ ಕರೆ ಇದೆಯಾ?" ಅನ್ನೋ ಪ್ರಶ್ನೆ ಬರುತ್ತದೆ. ಹಾಗಾಗಿ ಸೀನಿಯರ್ ಬರೆದದ್ದನ್ನೇ ಕಾಪಿ ಹೊಡೆಯುತ್ತೇವೆ. "ದೇವರಿಗೆ ಸ್ತೋತ್ರ" ಅಂತ ಬರೆದರೆ ಯಾರೂ ಮುಂದೆ ಕೇಳುವುದಿಲ್ಲ.

ಇನ್ನೊಂದು. ನನ್ನನ್ನು ಕಳಿಸಿದ ಸಭೆಯಲ್ಲಿ ಮೊದಲ ಎರಡು ತಿಂಗಳು ಸೌಂಡ್ ಸಿಸ್ಟಂ ಜೋಡಿಸುವ ಕೆಲಸ. ಬೇಡ ಅನ್ನಲಿಲ್ಲ, ಅದೂ ಸೇವೆಯೇ. ಆದರೆ ಒಂದು ಶನಿವಾರ ರಾತ್ರಿ ಒಂಬತ್ತೂವರೆಗೆ ಫೋನ್ ಬಂತು, "ನಾಳೆ ಯೂತ್ ಮೀಟಿಂಗ್ ನೀನೇ ತಗೋ." ಏನು ವಿಷಯ, ಎಷ್ಟು ಜನ, ಹೋದ ವಾರ ಏನಾಗಿತ್ತು, ಏನೂ ಗೊತ್ತಿಲ್ಲ. ಹಳೇ ಪ್ರಸಂಗವನ್ನೇ ಓದಿ ಬಂದೆ. ನನ್ನ ಜೊತೆಯಲ್ಲಿ ಯಾರೂ ಇರಲಿಲ್ಲ.

ಬಿ.ಎಡ್. ಅಕ್ಕ

ತಮ್ಮಾ, ಇಷ್ಟು ನೇರವಾಗಿ ಬರೆದದ್ದು ಒಳ್ಳೇದಾಯಿತು.

ನಾನು ಕ್ರೈಸ್ತ ಆಡಳಿತದ ಶಾಲೆಯಲ್ಲಿ ಪಾಠ ಮಾಡುವವಳು. ಬಿ.ಎಡ್. ಓದಿದವರಿಗೆಲ್ಲ ಮೈಕ್ರೋ ಟೀಚಿಂಗ್ ಗೊತ್ತು. 1960ರ ದಶಕದ ಆರಂಭದಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಶುರುವಾದ ಪದ್ಧತಿ. ಐದಾರು ಜನರ ಮುಂದೆ ಐದೇ ನಿಮಿಷದ ಪಾಠ, ಒಂದೇ ಕೌಶಲ. ನೋಡಿದವರು ಹೇಳುತ್ತಾರೆ, ನೀವು ತಿದ್ದಿಕೊಂಡು ಮತ್ತೆ ಮಾಡುತ್ತೀರಿ. ನಾವು ಓದುವಾಗ ಸಿಕ್ಕಾಪಟ್ಟೆ ಬೈದುಕೊಂಡಿದ್ದೆವು. ಗೆಳತಿಯರೇ ಮಕ್ಕಳ ಹಾಗೆ ನಟಿಸುವುದು, ನಗು ತಡೆಯಲು ಆಗುತ್ತಿರಲಿಲ್ಲ. ಆದರೆ "ಪ್ರಶ್ನೆ ಕೇಳಿ ಸುಮ್ಮನಿರುವುದು" ಅನ್ನೋದನ್ನು ನಾನು ಕಲಿತದ್ದು ಅಲ್ಲೇ.

ಮೇರಿ ಬಡ್ ರೋ ಅನ್ನೋ ಸಂಶೋಧಕಿ ತರಗತಿಗಳ ಟೇಪ್ ಕೇಳಿ ಲೆಕ್ಕ ಹಾಕಿದ್ದರು. ಟೀಚರ್ ಪ್ರಶ್ನೆ ಕೇಳಿ ಉತ್ತರಕ್ಕೆ ಕಾಯುವುದು ಸುಮಾರು ಒಂದು ಸೆಕೆಂಡ್. ಅದನ್ನು ಮೂರು ಸೆಕೆಂಡಿಗೆ ಏರಿಸಿದರೆ ಮಕ್ಕಳ ಉತ್ತರ ಉದ್ದವಾಗುತ್ತದೆ, ಸುಮ್ಮನೆ ಕೂರುವ ಮಕ್ಕಳೂ ಬಾಯಿ ಬಿಡುತ್ತಾರೆ, ಮಕ್ಕಳೇ ಪ್ರಶ್ನೆ ಕೇಳಲು ಶುರು ಮಾಡುತ್ತಾರೆ. ಮೂರು ಸೆಕೆಂಡ್ ಅಂದರೆ ಏನು ಮಹಾ ಅನ್ನಿಸುತ್ತದೆ ಅಲ್ವಾ? ಇಪ್ಪತ್ತು ಮಕ್ಕಳ ಎದುರು ನಿಂತು ಮೌನವಾಗಿ ಮೂರು ಎಣಿಸಿ ನೋಡಿ. ಪ್ರಸಂಗಕ್ಕೆ ತಯಾರಾದವರಿಗಂತೂ ಅದು ಇನ್ನೂ ಕಷ್ಟ, ಮೌನ ಬಂದರೆ ತಾವು ಸೋತಂತೆ ಅಂದುಕೊಳ್ಳುತ್ತಾರೆ.

ಇನ್ನೊಂದು ಮಾತು. ಶಾಲೆಗೆ ಹೋಗುವ ವಿದ್ಯಾರ್ಥಿಗೆ ಬೇರೆ ತಯಾರಿ ಬೇಕು. ಬೇರೆ ಬೇರೆ ನಂಬಿಕೆಯ ಮನೆಗಳ ಮಕ್ಕಳು ಇರುವ ತರಗತಿಯಲ್ಲಿ ಸಂಡೇ ಸ್ಕೂಲಿನ "ನಾವು" ಅನ್ನೋ ಪದ ನಡೆಯುವುದಿಲ್ಲ. "ಕ್ರೈಸ್ತರು ಹೀಗೆ ನಂಬುತ್ತಾರೆ" ಅಂತ ಹೇಳುವುದಕ್ಕೂ "ನಾವು ಹೀಗೆ ನಂಬುತ್ತೇವೆ" ಅಂತ ಹೇಳುವುದಕ್ಕೂ ಇರುವ ವ್ಯತ್ಯಾಸವನ್ನು ಬಾಯಿಬಿಟ್ಟು ಅಭ್ಯಾಸ ಮಾಡಿಸಬೇಕು.

ವಾರ್ಡಿನ ಚಾಪ್ಲಿನ್

ವರದಿಯ ವಿಷಯಕ್ಕೆ ನಮ್ಮಲ್ಲಿ ಒಂದು ದಾರಿ ಇದೆ. ಆಸ್ಪತ್ರೆಯಲ್ಲಿ ರೋಗಿಗಳನ್ನು ಭೇಟಿ ಮಾಡುವ ಸೇವೆಗೆ ವಿದ್ಯಾರ್ಥಿಗಳನ್ನು ತಯಾರು ಮಾಡುವ ತರಬೇತಿ ನನ್ನದು.

ಇದರ ಮೂಲ ಆ್ಯಂಟನ್ ಬಾಯ್ಸನ್. ಅವರೇ ಮಾನಸಿಕ ಕಾಯಿಲೆಯಿಂದ ಆಸ್ಪತ್ರೆ ಸೇರಿದ್ದವರು. ವಾಸಿಯಾದ ಮೇಲೆ ಚಾಪ್ಲಿನ್, ಅಂದರೆ ಆಸ್ಪತ್ರೆಯ ಪಾಸ್ಟರ್, ಆದರು. 1925ರಲ್ಲಿ ಅಮೆರಿಕದ ವೂಸ್ಟರ್ ಸರ್ಕಾರಿ ಮಾನಸಿಕ ಆಸ್ಪತ್ರೆಗೆ ಥಿಯಾಲಜಿ ವಿದ್ಯಾರ್ಥಿಗಳನ್ನು ಕರೆತಂದರು. ಪುಸ್ತಕ ಓದಿದಷ್ಟೇ ಶ್ರದ್ಧೆಯಿಂದ ಮನುಷ್ಯರನ್ನೂ ಓದಬೇಕು ಅನ್ನೋದು ಅವರ ಹಟ. ಮುಂದೆ ಈ ತರಬೇತಿಯಲ್ಲಿ "ವರ್ಬೇಟಿಮ್" ಅನ್ನೋ ಪದ್ಧತಿ ಬೆಳೆಯಿತು. ನಡೆದ ಮಾತುಕತೆಯನ್ನು ನೆನಪಿದ್ದಷ್ಟು ಹಾಗೇ ಬರೆಯುವುದು. ಅವರು ಅಂದದ್ದು, ನಾನು ಅಂದದ್ದು. "ಫಲಿತಾಂಶ" ಅನ್ನೋ ಕಾಲಂ ಇಲ್ಲ.

ಹೇಗಿರುತ್ತದೆ ಅಂತ ತೋರಿಸಲು ನಾನೇ ಒಂದು ಮಾದರಿ ಕಟ್ಟಿ ಹಾಕುತ್ತೇನೆ:

ರೋಗಿ: ರಾತ್ರಿ ನಿದ್ದೆ ಬರಲ್ಲ ಬ್ರದರ್.
ವಿದ್ಯಾರ್ಥಿ: ಹೌದಾ. ಪ್ರಾರ್ಥನೆ ಮಾಡೋಣ್ವಾ?
ರೋಗಿ: ... ಹ್ಞೂಂ, ಮಾಡಿ.

ಇಂಥದ್ದನ್ನು ಗುಂಪಿನಲ್ಲಿ ಗಟ್ಟಿಯಾಗಿ ಓದಿಸುತ್ತೇವೆ. ಬರೆದವನಿಗೇ ಎರಡನೇ ಸಾಲಿನಲ್ಲಿ ಗಂಟಲು ಕಟ್ಟುತ್ತದೆ. "ಯಾಕೆ ನಿದ್ದೆ ಬರಲ್ಲ ಅಂತ ಕೇಳಲೇ ಇಲ್ವಲ್ಲ ನಾನು?" ಅಂತ ತಾನೇ ಹೇಳುತ್ತಾನೆ. ನಾವು ಹೇಳುವ ಅಗತ್ಯ ಬರುವುದು ಕಡಿಮೆ.

ಎರಡು ಷರತ್ತು. ಹೆಸರು, ಗುರುತು ಬರೆಯುವಂತಿಲ್ಲ. ವರ್ಬೇಟಿಮ್‌ಗೆ ಅಂಕ ಕೊಡುವಂತಿಲ್ಲ. ಅಂಕ ಬಂತು ಅಂದರೆ ಮತ್ತೆ "ದೇವರಿಗೆ ಸ್ತೋತ್ರ" ಶುರು.

ಸಣ್ಣ ಸಭೆಯ ಪಾಸ್ಟರ್

ಚಾಪ್ಲಿನ್ ಅವರೇ, ಪ್ರಾರ್ಥನೆ ಮಾಡಿದ್ದೇ ತಪ್ಪು ಅನ್ನೋ ಹಾಗೆ ಆಗಬಾರದು. ನಿದ್ದೆ ಇಲ್ಲದ ಮನುಷ್ಯ ಅದನ್ನೇ ಬಯಸಿರಬಹುದು.

ವಾರ್ಡಿನ ಚಾಪ್ಲಿನ್

ಖಂಡಿತ. ಏನನ್ನು ಕುರಿತು ಪ್ರಾರ್ಥಿಸಬೇಕು ಅಂತ ಕೇಳಿ ತಿಳಿದು ಮಾಡಲಿ ಅಂತ ಅಷ್ಟೇ.

ಬಾಗಿಲು ತೆರೆದಿಡಿ

ಎಲ್ಲರೂ ಪಾಠದ ಬಗ್ಗೆ ಮಾತಾಡುತ್ತಿದ್ದೀರಿ. ನಾನು ಮಕ್ಕಳ ಸುರಕ್ಷತೆ ನೋಡಿಕೊಳ್ಳುವವಳು, ಹಾಗಾಗಿ ಇದನ್ನು ಹೇಳಲೇಬೇಕು. ಹತ್ತೊಂಬತ್ತು-ಇಪ್ಪತ್ತು ವರ್ಷದ ವಿದ್ಯಾರ್ಥಿಯನ್ನು ಒಬ್ಬನೇ ಮಕ್ಕಳ ಜೊತೆ ಕೋಣೆಯಲ್ಲಿ ಬಿಡಬೇಡಿ. ಕನಿಷ್ಠ ಇಬ್ಬರು ದೊಡ್ಡವರು ಇರಬೇಕು. ಮಕ್ಕಳಿಗೂ ಒಳ್ಳೇದು, ಆ ವಿದ್ಯಾರ್ಥಿಗೂ ಒಳ್ಳೇದು. ಮೊದಲ ದಿನ ಪಾಠಕ್ಕೆ ಕಳಿಸುವ ಮೊದಲೇ ಈ ತರಬೇತಿ ಆಗಿರಬೇಕು, ಮೂರನೇ ವರ್ಷದ ಸಿಲಬಸ್ಸಿನಲ್ಲಿ ಅಲ್ಲ. ಮಗು ಏನಾದರೂ ಹೇಳಿಕೊಂಡರೆ "ಯಾರಿಗೂ ಹೇಳಲ್ಲ" ಅಂತ ಮಾತು ಕೊಡಬಾರದು. ನಂಬಬೇಕು, ಕೆದಕಬಾರದು, ಅದೇ ದಿನ ಜವಾಬ್ದಾರಿ ಇರುವವರಿಗೆ ತಿಳಿಸಬೇಕು.

ಇನ್ನು ಆ ಹುಡುಗಿಯ ಪ್ರಶ್ನೆ. ಅಪ್ಪ ಚಾಕು ಎತ್ತಿದ ಕಥೆ ಅದು. ಬಹುಶಃ ಸುಮ್ನೆ ಕುತೂಹಲ ಇರಬಹುದು. ಆದರೆ ಮನೆಯಲ್ಲಿ ಅಪ್ಪನಿಗೆ ಹೆದರುವ ಮಗು ಆ ಕ್ಲಾಸಿನಲ್ಲಿ ಕೂತಿದ್ದರೆ ಈ ಕಥೆ ಅದಕ್ಕೆ ಹೇಗೆ ಕೇಳಿಸುತ್ತದೆ? ಎಂಟು ವರ್ಷದವರಿಗೆ ಈ ಅಧ್ಯಾಯ ಬೇಕಾ ಅನ್ನೋದೇ ನನ್ನ ಪ್ರಶ್ನೆ. ಪಾಠ ಆರಿಸುವುದೂ ಒಂದು ಕಲಿಕೆ ತಾನೇ.

ಕ್ರೇಯಾನ್ ಟೀಚರ್

ಇದಕ್ಕೆ ನನ್ನ ಹತ್ತಿರ ಒಂದೇ ಉತ್ತರ ಇಲ್ಲ. ನಾನು ಈ ಕಥೆಯನ್ನು ಹತ್ತು ವರ್ಷ ದಾಟಿದವರಿಗೆ ಇಟ್ಟುಕೊಳ್ಳುತ್ತೇನೆ. ಚಿಕ್ಕವರಿಗೆ ಒಳ್ಳೇ ಕುರುಬನ ಕಥೆ, ಮರದ ಪುಟ್ಟ ಕುರಿಗಳನ್ನು ಇಟ್ಟುಕೊಂಡು. ರೋಮ್‌ನಲ್ಲಿ 1954ರಲ್ಲಿ ಸೋಫಿಯಾ ಕವಲ್ಲೆತ್ತಿ, ಜಾನ್ನಾ ಗೊಬ್ಬಿ ಅನ್ನೋ ಇಬ್ಬರು ಹೆಂಗಸರು ಮಾಂಟೆಸ್ಸರಿ ರೀತಿಯಲ್ಲಿ ಶುರು ಮಾಡಿದ ಪದ್ಧತಿ ಅದು. ಟೀಚರ್ ಕಥೆ ಹೇಳಿ ಪಕ್ಕಕ್ಕೆ ಸರಿಯುತ್ತಾರೆ, ಮಕ್ಕಳು ಕುರಿಗಳನ್ನು ತಾವೇ ಎತ್ತಿಕೊಂಡು ಆ ಕಥೆಯಲ್ಲಿ ಇರುತ್ತಾರೆ. ಪಕ್ಕಕ್ಕೆ ಸರಿಯುವುದೇ ನನಗೆ ಕಷ್ಟವಾಗಿತ್ತು. ಕೈ ತುರಿಸುತ್ತಿರುತ್ತದೆ, ಕುರಿಯನ್ನು ಸರಿಯಾಗಿ ಇಡೋಣ ಅಂತ.

ಕೆಲಸದ ಜೊತೆ ಓದಿದವ

ಎಲ್ಲರೂ ಹಾಸ್ಟೆಲ್ಲಿನಲ್ಲಿ ಇದ್ದು ಓದುವವರ ಬಗ್ಗೆಯೇ ಹೇಳುತ್ತಿದ್ದೀರಿ. ನಾನು ಟಿ.ಇ.ಇ.ಯಲ್ಲಿ (ಥಿಯಾಲಾಜಿಕಲ್ ಎಜುಕೇಶನ್ ಬೈ ಎಕ್ಸ್‌ಟೆನ್ಶನ್, ಮನೆಯಲ್ಲೇ ಇದ್ದು ಥಿಯಾಲಜಿ ಓದುವ ವ್ಯವಸ್ಥೆ) ಓದಿದೆ. 1963ರಲ್ಲಿ ಗ್ವಾಟೆಮಾಲದ ಒಂದು ಸೆಮಿನರಿಯವರು (ಪಾಸ್ಟರುಗಳನ್ನು ತಯಾರು ಮಾಡುವ ಕಾಲೇಜಿನವರು) ಶುರು ಮಾಡಿದ ದಾರಿ. ಸಭೆಗಳನ್ನು ನಿಜವಾಗಿ ನಡೆಸುತ್ತಿದ್ದವರು ಹೊಲ, ಸಂಸಾರ ಬಿಟ್ಟು ಸೆಮಿನರಿಗೆ ಬರಲು ಆಗುತ್ತಿರಲಿಲ್ಲ. ಹಾಗಾಗಿ ಸೆಮಿನರಿಯೇ ಅವರ ಹತ್ತಿರ ಹೋಯಿತು. ವಾರವೆಲ್ಲ ಮನೆಯಲ್ಲಿ ಪಾಠ ಓದುವುದು, ಬರೆಯುವುದು. ವಾರಕ್ಕೊಮ್ಮೆ ಮೇಷ್ಟ್ರ ಜೊತೆ ಕೂತು ಚರ್ಚೆ.

ಇದರ ಲಾಭ, ಗುರುವಾರ ಓದಿದ್ದನ್ನು ಭಾನುವಾರ ಹೇಳಿ ನೋಡಬಹುದು. ಬಿದ್ದರೆ ಮುಂದಿನ ಚರ್ಚೆಯಲ್ಲಿ ಕೇಳಬಹುದು. ಆದರೆ ಮೇಷ್ಟ್ರು ಹೇಳಿದ ತೊಂದರೆ ಇಲ್ಲೂ ಇತ್ತು. ನನ್ನ ಕ್ಲಾಸನ್ನು ಯಾರೂ ಬಂದು ನೋಡಲಿಲ್ಲ. ಬಿದ್ದೆ ಅಂತ ನನಗೆ ಗೊತ್ತಾದರೆ ಮಾತ್ರ ಕೇಳುತ್ತಿದ್ದೆ. ಗೊತ್ತಾಗದೇ ಬಿದ್ದದ್ದು ಎಷ್ಟೋ.

ಲೈಬ್ರರಿ ಮೂಲೆ

ಒಂದು ಸಣ್ಣ ಸೇರ್ಪಡೆ. ಸುಮಾರು 400ನೇ ಇಸವಿಯಲ್ಲಿ ಉತ್ತರ ಆಫ್ರಿಕದ ಕಾರ್ಥೇಜಿನ ಒಬ್ಬ ಡೀಕನ್ (ಸಭೆಯ ಸೇವಕ) ಬಿಷಪ್ ಅಗಸ್ಟಿನ್‌ಗೆ ಪತ್ರ ಬರೆದ. ಹೊಸಬರಿಗೆ ಪಾಠ ಹೇಳುವಾಗ ನನ್ನ ಮಾತು ನನಗೇ ಬೇಸರ ತರಿಸುತ್ತದೆ, ಏನು ಮಾಡಲಿ ಅಂತ. ಅಗಸ್ಟಿನ್ ಒಂದು ಪುಟ್ಟ ಪುಸ್ತಕವನ್ನೇ ಉತ್ತರವಾಗಿ ಬರೆದರು. ಏನು ಹೇಳಬೇಕು ಅನ್ನೋದರ ಜೊತೆಗೆ, ಹೇಳುವವನು ಖುಷಿಯಾಗಿ ಇರುವುದು ಹೇಗೆ ಅನ್ನೋದಕ್ಕೂ ಅದರಲ್ಲಿ ತುಂಬ ಜಾಗ ಕೊಟ್ಟಿದ್ದಾರೆ. ಕೇಳುವವನು ಯಾಕೆ ಬಂದ ಅಂತ ಮೊದಲು ಕೇಳು ಅನ್ನುತ್ತಾರೆ. ನಿಂತು ನಿಂತು ಸುಸ್ತಾಗಿದ್ದರೆ ಕೂರಲು ಏನಾದರೂ ಕೊಡು ಅಂತಲೂ ಬರೆದಿದ್ದಾರೆ. ಅಷ್ಟು ದೊಡ್ಡ ದೇವಜ್ಞಾನಿ ಕುರ್ಚಿಯ ಬಗ್ಗೆ ಯೋಚಿಸಿದ್ದು ನನಗೆ ತುಂಬ ಇಷ್ಟ.

ಪಾಠದ ಮೇಷ್ಟ್ರು

ಎರಡು ವಾರ ಬಿಟ್ಟು ಬರೆಯುತ್ತಿದ್ದೇನೆ. ಎಲ್ಲರಿಗೂ ಥ್ಯಾಂಕ್ಸ್.

ಹುಡುಗನನ್ನು ಕರೆದು ಕೂರಿಸಿಕೊಂಡೆ. ಅವನು ಹೆದರಿದ್ದ. ಮೊದಲು ನನ್ನ ತಪ್ಪು ಹೇಳಿದೆ: "ಮೂರು ವರ್ಷ ನಿನ್ನ ಕ್ಲಾಸಿಗೆ ಬಂದಿಲ್ಲ, ಬಂದ ದಿನ ಹೇಳದೆ ಬಂದೆ." ಆಮೇಲೆ ಆ ಪ್ರಶ್ನೆ ಬಂದಾಗ ಏನನ್ನಿಸಿತು ಅಂತ ಕೇಳಿದೆ. ಬಿ.ಎಡ್. ಅಕ್ಕನ ಮಾತು ನೆನಪಿಟ್ಟುಕೊಂಡು ಮೂರು ಎಣಿಸಿದೆ. ಏಳೆಂಟಾಯಿತು. ಕೊನೆಗೆ ಅಂದ, "ಸರ್, ಗೊತ್ತಿಲ್ಲ ಅಂತ ಹೇಳಬಹುದಿತ್ತು ಅಂತ ನನಗೆ ಹೊಳೀಲೇ ಇಲ್ಲ. ಟೀಚರ್ ಹಾಗೆ ಹೇಳಬಾರದು ಅಂದ್ಕೊಂಡಿದ್ದೆ." ಯೋಚಿಸಿದೆ, ನಾನು ಕ್ಲಾಸಿನಲ್ಲಿ ಯಾವತ್ತಾದರೂ ಅವನೆದುರು "ಗೊತ್ತಿಲ್ಲ" ಅಂದಿದ್ದೇನಾ? ನೆನಪಾಗಲಿಲ್ಲ.

ಮುಂದಿನ ಭಾನುವಾರ ಇಬ್ಬರೂ ಹೋದೆವು. ಆ ಕ್ಲಾಸಿನ ಹಿರಿಯ ಟೀಚರೂ ಇದ್ದರು. ಪಾಠ ಶುರು ಮಾಡುವ ಮೊದಲು ಅವನು ಆ ಹುಡುಗಿಯ ಹತ್ತಿರ ಹೋಗಿ ಮಂಡಿಯೂರಿ ಕೂತ. "ಹೋದ ವಾರ ನೀನೊಂದು ಪ್ರಶ್ನೆ ಕೇಳಿದೆ. ಬೈಬಲಿನಲ್ಲಿ ಅದು ಬರೆದಿಲ್ಲ. ನಾನೂ ತುಂಬ ಹುಡುಕಿದೆ. ನಿನಗೇನನ್ನಿಸುತ್ತೆ?"

ಅವಳು ಯೋಚಿಸಿ ಹೇಳಿದಳು: "ಇಸಾಕ ಏನೂ ಹೇಳಿರಲ್ಲ. ಹೇಳಿದ್ರೆ ಅಮ್ಮ ಇನ್ನೊಂದ್ಸಲ ಅಪ್ಪನ ಜೊತೆ ಕಳಿಸಲ್ಲ."

ಮಕ್ಕಳೆಲ್ಲ ನಕ್ಕರು, ಅವಳೂ ನಕ್ಕಳು. ಅಷ್ಟಕ್ಕೇ ಕ್ಲಾಸು ಬೇರೆ ಕಡೆ ತಿರುಗಿತು. ಒಬ್ಬ ಹುಡುಗ "ಅಮ್ಮನಿಗೆ ಹೇಳ್ಬೇಕಿತ್ತು" ಅಂದ. ಇನ್ನೊಬ್ಬ "ಸೇವಕರು ಹೇಳಿರ್ತಾರೆ" ಅಂದ. ಅವತ್ತಿಗೆ ತಯಾರು ಮಾಡಿಕೊಂಡಿದ್ದ ಪಾಠದಲ್ಲಿ ಅರ್ಧವೂ ಮುಗಿಯಲಿಲ್ಲ. ಸುರಕ್ಷತೆಯ ಬಗ್ಗೆ ಬರೆದ ಸಿಸ್ಟರ್, ನಿಮ್ಮ ಮಾತು ಮರೆತಿಲ್ಲ. ಹಿರಿಯ ಟೀಚರ್‌ಗೆ ವಿಷಯ ತಿಳಿಸಿದ್ದೇವೆ. ಅವರಿಗೆ ಆ ಮನೆಯ ಪರಿಚಯವಿದೆ, ನೋಡಿಕೊಳ್ಳುತ್ತೇನೆ ಅಂದಿದ್ದಾರೆ.

ಹಳೇ ಫಾರ್ಮ್ ತೆಗೆದುಹಾಕಿದ್ದೇನೆ. ಹೊಸದರಲ್ಲಿ ಮೂರೇ ಪ್ರಶ್ನೆ. ಒಬ್ಬರು ಹೇಳಿದ ಒಂದು ಮಾತನ್ನು ಹಾಗೇ ಬರೆಯಿರಿ, ಹೆಸರು ಬೇಡ. ಅದಕ್ಕೆ ನೀವು ಏನಂದಿರಿ? ಇವತ್ತು ಯಾರು ಮಾತಾಡಲಿಲ್ಲ? ಮೂರನೆಯದು ಕ್ರೇಯಾನ್ ಟೀಚರ್ ಅವರದು. ಅಂಕ ಇಲ್ಲ. ಪ್ರತಿ ವಿದ್ಯಾರ್ಥಿಯನ್ನೂ ಟರ್ಮಿಗೆ ಎರಡು ಸಲ ಯಾರಾದರೂ ಹೋಗಿ ನೋಡಬೇಕು ಅಂತ ಪ್ರಿನ್ಸಿಪಾಲರಿಗೆ ಬರೆದು ಕೊಟ್ಟೆ. "ಅಷ್ಟು ಜನ ಎಲ್ಲಿದ್ದಾರೆ?" ಅಂದರು. ನಿಜ, ಇಲ್ಲ. ಸದ್ಯಕ್ಕೆ ಮೂರನೇ ವರ್ಷದವರು ಎರಡನೇ ವರ್ಷದವರನ್ನು ನೋಡುವ ಹಾಗೆ ಜೋಡಿ ಮಾಡಿದ್ದೇನೆ. ನಡೆಯುತ್ತದಾ ನೋಡಬೇಕು.

ಸಣ್ಣ ಸಭೆಯ ಪಾಸ್ಟರ್

"ಸೇವಕರು ಹೇಳಿರ್ತಾರೆ" ಅಂದ ಹುಡುಗನನ್ನು ನನ್ನ ಸಭೆಗೆ ಕಳಿಸಿಕೊಡಿ ಮೇಷ್ಟ್ರೇ. 22:5 ಪ್ರಕಾರ ಸೇವಕರು ಕತ್ತೆಯ ಜೊತೆ ಕೆಳಗೇ ಉಳಿದಿದ್ದರು, ಮೇಲೆ ನಡೆದದ್ದನ್ನು ಅವರು ನೋಡಿಲ್ಲ. ಅವನ ಜೊತೆ ಇದನ್ನು ವಾದ ಮಾಡಬೇಕು ನಾನು.

ಫಾರ್ಮ್ ಬಗ್ಗೆ: ನಾಲ್ಕನೇ ಪ್ರಶ್ನೆ ಒಂದು ಸೇರಿಸಿ. ಬೈಬಲ್ ತೆರೆದಿರಾ?

ಎರಡನೇ ವರ್ಷ

ಸರ್, ಆ ಫಾರ್ಮ್ ಇಲ್ಲಿ ಹಾಕುತ್ತೀರಾ? ನಮ್ಮ ಕಾಲೇಜಿನಲ್ಲಿ ಕೇಳದಿದ್ದರೂ ನಾನೇ ತುಂಬಿಸಿ ಇಟ್ಟುಕೊಳ್ಳುತ್ತೇನೆ. ನಾಳೆ ಚಿಕ್ಕ ಮಕ್ಕಳ ಕ್ಲಾಸು ನನ್ನದೇ, ಈ ಸಲ ಮೂರು ದಿನ ಮೊದಲೇ ಹೇಳಿದ್ದಾರೆ. ಪಾಠ ಯೋನ, ದೊಡ್ಡ ಮೀನು ನುಂಗಿದ ಪ್ರವಾದಿಯ ಕಥೆ. ಮೀನಿನ ಹೊಟ್ಟೆಯಲ್ಲಿ ಲೈಟ್ ಇತ್ತಾ ಅಂತ ಒಬ್ಬನಾದರೂ ಕೇಳೇ ಕೇಳುತ್ತಾನೆ.